ಏಳೂ ನಲವತ್ತು

ಹೊಸ ಪಾದ್ರಿಗಳು ಕೇಳಿದರು, ಕಮಿಟಿಯಲ್ಲಿ, ಚಹಾ ಬರುವ ಮೊದಲು:
ಆರಾಧನೆ ಏಳೂ ನಲವತ್ತಕ್ಕೆ ಯಾಕೆ?
ಎಂಟಕ್ಕಿಡೋಣ, ಎಂಟೂವರೆಗೆ. ಇದೇನು ಲೋಕಲ್ ಗಾಡಿಯೇ?
ಎಲ್ಲರೂ ನಕ್ಕರು. ಯಾರಿಗೂ ಗೊತ್ತಿರಲಿಲ್ಲ.
ನನಗೆ ಗೊತ್ತಿತ್ತು. ಚಹಾ ಬಂತು.

ಅಮ್ಮನವರು ಬೆಟಗೇರಿಯಿಂದ ಬಂದದ್ದು ಐವತ್ತೊಂದರಲ್ಲಿ.
ಒಂದು ಟ್ರಂಕು, ಒಂದು ರೊಟ್ಟಿಯ ಹಂಚು,
ಮತ್ತು ಗಂಡ: ಸಭೆಯಿಲ್ಲದ ಸಭಾಪಾಲಕ.
ಪರಳದ ಚಾಳು, ಮೂರನೇ ಮಾಳಿಗೆ, ಹತ್ತು ಹನ್ನೆರಡರ ಕೋಣೆ.
ಅಯ್ಯನವರು ಕಿಟಕಿಯಲ್ಲಿ ನಿಂತು
ಚರ್ಚು ಕಟ್ಟಲು ಜಾಗ ಹುಡುಕಿದರು.
ಅಮ್ಮನವರು ನಳದ ಸಾಲಿನಲ್ಲಿ ನಿಂತು ಸಭೆಯನ್ನೇ ಕಂಡರು:
ಗದಗಿನವಳೊಬ್ಬಳು, ಹುಲಕೋಟಿಯವಳೊಬ್ಬಳು,
ಬಿಂದಿಗೆಗಾಗಿ ಮರಾಠಿಯಲ್ಲಿ ಜಗಳವಾಡಿ
ಕನ್ನಡದಲ್ಲಿ ಅಳುವವಳೊಬ್ಬಳು.
ಅವಳು ನನ್ನ ತಾಯಿ.

ಘಂಟೆ ಬೇಕು ಎಂದರು ಅಯ್ಯನವರು, ಘಂಟೆಯಿಲ್ಲದ ಸಭೆಯೇ?
ರೊಟ್ಟಿ ಬಡಿಯುತ್ತ ಅಮ್ಮನವರು:
"ಭೋಂಗಾ ಐತಲ್ಲ."
ಶನಿವಾರದ ರಾತ್ರಿಪಾಳಿ ಬಿಡುವುದು ರವಿವಾರ ಬೆಳಿಗ್ಗೆ ಏಳಕ್ಕೆ.
ಗಿರಣಿ ಬಾಗಿಲಿನಿಂದ ಚಾಳಿನ ತನಕ ಹದಿನೆಂಟು ನಿಮಿಷ,
ತಾವೇ ನಡೆದು ನೋಡಿದ್ದರು, ಆರು ತಿಂಗಳ ಬಸುರಿ.
ಕಿವಿ, ಹುಬ್ಬು, ರೆಪ್ಪೆಯ ಹತ್ತಿ ತೊಳೆಯಲು ಹತ್ತು.
ಒಂದು ಕಪ್ಪು ಚಹಾ, ಒಂದು ಬೀಡಿ...
"ಬೀಡಿ?" ಎಂದರು ಅಯ್ಯನವರು.
"ಹೊರಗೇ ಸೇದಿ ಬರಲಿ. ಹನ್ನೆರಡು ನಿಮಿಷ ಹಿಡೀರಿ."

ರಿಜಿಸ್ಟರಿನ ಮೊದಲ ದಫನು ಅವರದೇ ಕೂಸು.
ಅಯ್ಯನವರ ದುಂಡು ಅಕ್ಷರ: ಗಂಡು, ಹನ್ನೊಂದು ದಿನ, ಶಿವಡಿ.
ತಂದೆಯ ಹೆಸರಿಗೆ ಕಾಲಮ್ಮು ಇತ್ತು.
ಮುಂದಿನ ರವಿವಾರ ಏಳೂ ನಲವತ್ತಕ್ಕೆ
ಚಾಪೆ ಹಾಸಿತ್ತು.

ನಾನು ಮುನ್ಸಿಪಾಲ್ಟಿ ಶಾಲೆಯ ಮರಾಠಿ ಹುಡುಗಿ.
ಇದ್ದಿಲ ತುಂಡು ಕೊಟ್ಟು ನೆಲ ತೋರಿಸಿದರು:
"ಶಾಬಾದಿ ಕಲ್ಲು ಇದು, ನಮ್ಮ ಕಡೀದು.
ಕನ್ನಡದ ಮ್ಯಾಲೇ ಕುಂತೀಯಲ್ಲ ಹುಡುಗಿ, ಬರಿ."
ಬರೆದೆ. ಸಂಜೆ ಒರೆಸಿದರು. ಮರುದಿನ ಮತ್ತೆ.
ಳ ಬರೆಯುವಾಗ ಈಗಲೂ ನನ್ನ ಮೊಣಕಾಲು ತಣ್ಣಗಾಗುತ್ತದೆ.

ಬರೀ ಒಳ್ಳೆಯವರೆಂದರೆ ಸುಳ್ಳಾದೀತು.
ಕೊಟ್ಟ ಸಾಲಕ್ಕೆ ಪೈಸೆ ಸಮೇತ ಲೆಕ್ಕ ಇಡುತ್ತಿದ್ದರು.
ಕುಡಿದು ಬಂದ ನನ್ನಪ್ಪನನ್ನು ಒಮ್ಮೆ
ಮೆಟ್ಟಿಲಿಂದಲೇ ತಿರುಗಿಸಿದರು. ಅವನು ಮತ್ತೆ ಬರಲಿಲ್ಲ,
ಅಲ್ಲಿಗೂ, ಮನೆಗೂ.
ಆ ಮಾತು ಅವರೆಂದೂ ಎತ್ತಲಿಲ್ಲ;
ನನ್ನ ತಟ್ಟೆಗೆ ಎರಡನೇ ರೊಟ್ಟಿ ಹಾಕುವಾಗ ಮಾತ್ರ
ಕೈ ಒಂದು ಚಣ ತಡೆಯುತ್ತಿತ್ತು.

ತೀರಿಕೊಂಡದ್ದು ಸಂಪಿನ ವರ್ಷ,
ಗಿರಣಿಗಳು ಬಾಯಿ ಮುಚ್ಚಿ ಎಂಟು ತಿಂಗಳು.
ಜ್ವರ ಅಂದರು, ಫುಪ್ಪುಸ ಅಂದರು,
ಆಸ್ಪತ್ರೆಯವರು ಏನೂ ಅನ್ನಲಿಲ್ಲ.
ರವಿವಾರ ಬೆಳಿಗ್ಗೆ ಪೆಟ್ಟಿಗೆ ಚಾಪೆಯ ಮೇಲೆ,
ಮೆಟ್ಟಿಲ ತುದಿಯವರೆಗೂ ಸಂಬಳವಿಲ್ಲದ ಗಂಡಸರು.
ಅಯ್ಯನವರು ಪುಸ್ತಕ ತೆರೆದರು, ಮುಚ್ಚಿದರು,
ಕಿಟಕಿಯತ್ತ ತಲೆಯೆತ್ತಿ ಕಾದರು.
ನಾವೂ ಕಾದೆವು. ಮೂವತ್ತು ವರ್ಷದ ರೂಢಿ.
ಭೋಂಗಾ ಕೂಗಲಿಲ್ಲ.
ಬಿಸಿಲು ಶಾಬಾದಿಯ ಮೇಲೆ ಒಂದು ಗೇಣು ಸರಿಯಿತು.
ಅವರು ನನ್ನ ಕಡೆ ತಿರುಗಿ, ಮೆಲ್ಲಗೆ,
ಮನೆಯವಳನ್ನು ಕೇಳುವ ಹಾಗೆ:
"ಎಷ್ಟಾತು?"

ಅವರ ಕೈ ನಡುಗುತ್ತಿತ್ತು, ರಿಜಿಸ್ಟರಿನಲ್ಲಿ ನಾನೇ ಬರೆದೆ.
ಹೆಸರೇನು ಅಂತ ಕೇಳಬೇಕಾಯಿತು.
ಮಿಲ್ಕಾ. ಐವತ್ತೇಳು.
ಇಷ್ಟು ದಿನ ಅಮ್ಮನವರು ಅಂತಲೇ ಇದ್ದರು.
ಶಿವಡಿಯ ಗುಣಿಯನ್ನು ಆಮೇಲೆ ಬೇರೆಯವರಿಗೆ ಕೊಟ್ಟರು,
ಊರಲ್ಲಿ ಜಾಗವಿಲ್ಲ, ಸತ್ತವರಿಗೂ ಪಾಳಿ.

ಗಿರಣಿಯಿದ್ದಲ್ಲಿ ಈಗ ಗಾಜಿನ ಅಂಗಡಿಗಳು.
ಚಹಾ ಆರಿತ್ತು. ಪಾದ್ರಿಗಳು ಪೆನ್ನು ಹಿಡಿದು ಕಾಯುತ್ತಿದ್ದರು.
ಇಷ್ಟೆಲ್ಲ ಹೇಳಲು ನನಗೆ ಬಾಯಿ ಬರಲಿಲ್ಲ.
ಅದೇ ಇರಲಿ ಬಿಡಿ, ಅಂದೆ,
ಕೆಲವರದು ಇನ್ನೂ ಬೀಡಿ ಮುಗಿದಿಲ್ಲ.