ಎಡ ರೆಕ್ಕೆ

ನನ್ನ ವ್ಯಾನಿನ ಬಾಗಿಲು ಕೆರೆದರೆ
ಈರುಳ್ಳಿಯ ಹಾಗೆ ಸಿಪ್ಪೆ ಸಿಪ್ಪೆಯಾಗಿ ಕಂಪನಿಯ ಚರಿತ್ರೆ.
ಮೇಲಿನದು ನೀಲಿ ಚುಕ್ಕೆ, ಹೆಸರಿಲ್ಲ.
ಅದರಡಿ ಬರೀ ಗೆರೆಯ ಹಕ್ಕಿ,
ಅದರಡಿ ಬೆಳ್ಳಿ ಬಣ್ಣದ್ದು,
ತಳದಲ್ಲಿ, ಅಂಟು ಕಲ್ಲಾದಲ್ಲಿ,
ಕಿತ್ತಳೆಯ ಮೇಲೆ ಹಸಿರು: ತೊಂಬತ್ತಾರನೆಯ ಇಸವಿ.

ಪುಂಟಾ ಅರೇನಾಸಿನ ಗಾಳಿಗೆ ಯಾವ ಅಂಟೂ ಲೆಕ್ಕಕ್ಕಿಲ್ಲ.
ಇಲ್ಲಿ ಬೀದಿಗೆ ಹಗ್ಗ ಕಟ್ಟುತ್ತಾರೆ, ಜನ ಹಿಡಿದು ನಡೆಯಲಿ ಎಂದು.
ಅಂಥ ಗಾಳಿಯಲ್ಲಿ ನಾನು ತಟ್ಟೆ ನಿಲ್ಲಿಸುತ್ತಿದ್ದೆ
ತಗಡಿನ ಮಾಡುಗಳ ಮೇಲೆ, ಉತ್ತರಕ್ಕೆ ಮುಖ ಮಾಡಿಸಿ,
ಕತ್ತು ಬಗ್ಗಿಸಿ. ಅಷ್ಟು ತಗ್ಗಿನಲ್ಲಿ ನಮ್ಮ ಉಪಗ್ರಹ.
ಕಂಪನಿಯ ಹೆಸರು ಪಿಕಾಫ್ಲೋರ್. ಹೂಕುಟುಕ.
ರೆಕ್ಕೆ ಬಡಿಯುತ್ತಲೇ ಇದ್ದಲ್ಲೇ ಇರುವ ಹಕ್ಕಿ.

ಸಾಂಟಿಯಾಗೊದಿಂದ ಇಬ್ಬರು ಬಂದರು ಅದನ್ನು ಚಿತ್ರಿಸಲು.
ಒಂಬತ್ತು ದಿನ ಚಿಲ್ಕೊ ಹೂವಿನ ಪೊದೆಯ ಮುಂದೆ ಕಾದರು.
ಹಕ್ಕಿ ಬಂತು, ಹತ್ತನೆಯ ದಿನ, ಕ್ಯಾಮೆರಾ ಪೆಟ್ಟಿಗೆ ಸೇರಿದ ಮೇಲೆ.
ಆಗ ಉಣ್ಣೆ ಅಂಗಡಿಯ ಎದೆಲ್ಮಿರಾ ಬರ್ರಿಯಾ
"ಹಕ್ಕಿ ತಾನೇ?" ಎಂದು ಹೆಣಿಗೆಯ ಕಡ್ಡಿ ತೆಗೆದಳು.
ಬೆಳಗಾಗುವುದರಲ್ಲಿ ಅಂಗೈಯಗಲದ ಹಕ್ಕಿ
ಶಾಲೆಯ ಜಿಮ್ಮಿನಲ್ಲಿ, ಮೀನು ಹಿಡಿಯುವ ದಾರದಲ್ಲಿ ತೂಗಿತು.
ದಾರ ಹಿಡಿದವನು ನಾನೇ. ಕೈ ನಡುಗಿತು. ಅದೇ ಹಾರಾಟವಾಯಿತು.
ಸದ್ದಿಗೆ ಯಾರೋ ಚಮಚದಿಂದ ಲೋಟ ತಟ್ಟಿದರು.
ಐದು ಸೆಕೆಂಡು. ಕೂಲಿ: ಅವಳಿಗೆ ಒಂದು ವರ್ಷ ಪುಕ್ಕಟೆ ಸಂಪರ್ಕ,
ನನಗೆ ಒಂದು ಟೋಪಿ.

ಕುರಿ ಕತ್ತರಿಸುವವರ ಬಿಡಾರದಲ್ಲಿ ಮೊದಲ ಸಲ ಚಿತ್ರ ಹತ್ತಿದಾಗ
ಇಪ್ಪತ್ತು ಗಂಡಸರು ಚಪ್ಪಾಳೆ ತಟ್ಟಿದ್ದು
ಆ ಐದು ಸೆಕೆಂಡಿಗೆ, ಆಮೇಲೆ ಬಂದ ಕಾರ್ಯಕ್ರಮಕ್ಕಲ್ಲ.

ಎಡ ರೆಕ್ಕೆಗೆ ಬರುವಾಗ ಹಸಿರು ಉಣ್ಣೆ ಮುಗಿದಿತ್ತು.
ಹಾಗಾಗಿ ಎಡದ್ದು ಗಿಡ್ಡ.
ಅಷ್ಟೇ. ಬೇರೆ ಅರ್ಥವಿಲ್ಲ.

ಆಮೇಲೆ ಕಂಪ್ಯೂಟರು ಬಂತು, ಹಕ್ಕಿಗೆ ಉಕ್ಕಿನ ಮೈ ಬಂತು;
ಗಿರಗಿರ ತಿರುಗುವುದನ್ನು ನೋಡಿ ಎದೆಲ್ಮಿರಾ
"ನಲ್ಲಿಯ ಹಿಡಿ" ಎಂದು ನಕ್ಕು ಬಾಣಲೆಯ ಕಡೆ ತಿರುಗಿದಳು.
ವಿಶ್ವಕಪ್ಪಿನ ವರ್ಷ ಕೊಕ್ಕು ಹೋಯಿತು, ಬಳಿಕ ಕಣ್ಣು.
ಹೊಸ ಮ್ಯಾನೇಜರು ಬಂದಾಗಲೆಲ್ಲ ಏನಾದರೊಂದು ಕೀಳಲೇಬೇಕು.
ಹಕ್ಕಿ ಪರದೆಯ ನಡುವಿನಿಂದ ಮೂಲೆಗೆ ಸರಿಯಿತು,
ಮೂಲೆಯಲ್ಲಿ ಗಾಜಾಯಿತು,
ಚೆಂಡು, ಭೂಕಂಪ, ಮುತ್ತು ಎಲ್ಲ ಅದರೊಳಗಿಂದಲೇ ಹಾದುಹೋದವು.
ಎಡ ರೆಕ್ಕೆ ಮಾತ್ರ ಗಿಡ್ಡವೇ.
ತರಬೇತಿಯಲ್ಲಿ ಹಂಚಿದ ಎಂಬತ್ತನಾಲ್ಕು ಪುಟದ ಕೈಪಿಡಿ,
ಮೂವತ್ತೊಂದನೆಯ ಪುಟ, ದಪ್ಪಕ್ಷರ:
ಎಡ ರೆಕ್ಕೆ ಬಲಕ್ಕಿಂತ ನೂರಕ್ಕೆ ಏಳು ಪಾಲು ಕಿರಿದು.
ಯಾವ ಕಾರಣಕ್ಕೂ ತಿದ್ದಕೂಡದು.
ಸೂಟು ತೊಟ್ಟ ಹುಡುಗ ವಿವರಿಸಿದ:
ಮುನ್ನುಗ್ಗುವ ಚೈತನ್ಯ, ಗಾಳಿಗೆದುರು ದಕ್ಷಿಣದ ಛಲ.
ನಾನು ಕಾಫಿ ಕುಡಿದೆ. ಉಣ್ಣೆಯ ಮಾತೆತ್ತಲಿಲ್ಲ.
ಊರಿಗೆ ಬಂದು ಎದೆಲ್ಮಿರಾಳಿಗೆ ಹೇಳಿದೆ.
ಬಹಳ ಹೊತ್ತು ಅವಳು ಏನೂ ಅನ್ನಲಿಲ್ಲ. ಆಮೇಲೆ
"ಇನ್ನರ್ಧ ಉಂಡೆ ಇದ್ದಿದ್ದರೆ ಸಾಕಿತ್ತು" ಎಂದಳು.

ಹೋದ ವರ್ಷ ಕಂಪನಿ ಮಾರಾಟವಾಯಿತು.
ಕೊಂಡವರು ಹಕ್ಕಿಯನ್ನು ಚುಕ್ಕೆ ಮಾಡಿದರು;
ಚುಕ್ಕೆಗೆ ಎಡವೂ ಇಲ್ಲ, ಬಲವೂ ಇಲ್ಲ.
ಈಗ ಜನಕ್ಕೆ ತಂತಿ ಸಾಕು, ನಾನು ತಟ್ಟೆ ಇಳಿಸುವವನು.
ಏರಿಸಿದ್ದಕ್ಕಿಂತ ಇಳಿಸಿದ್ದಕ್ಕೇ ಹೆಚ್ಚು ಕೊಡುತ್ತಾರೆ.

ಬಂದರಿನ ಹತ್ತಿರ, ಮನ್ಸಿಯಾನ ಬಾರಿನಲ್ಲಿ
ಹದಿನಾಲ್ಕು ವರ್ಷ ಹಗಲೂ ರಾತ್ರಿ ಉರಿದ ಪ್ಲಾಸ್ಮಾ ಟೀವಿ.
ಚಾನೆಲ್ ಬದಲಿಸಿದರೂ, ಪೆಟ್ಟಿಗೆಯನ್ನೇ ಬದಲಿಸಿದರೂ
ಮೂಲೆಯ ಸುಟ್ಟ ಕಲೆ ಹೋಗುವುದಿಲ್ಲ.
ಮಾರಲು ನೋಡಿದ; ಕೊಳ್ಳುವವರಿಲ್ಲ.
ನಿನ್ನೆ ಸುದ್ದಿಯಲ್ಲಿ ಹಿಮ ತೋರಿಸಿದರು, ಪರದೆಯೆಲ್ಲ ಬಿಳುಪು.
ಚುಕ್ಕೆಯ ಪಕ್ಕದಲ್ಲೇ ಎದ್ದು ಕಂಡಿತು ಅದು, ಕಂದು ನೆರಳು.
ಎದೆಲ್ಮಿರಾ ಕನ್ನಡಕ ಸರಿಮಾಡಿಕೊಂಡು ಕುರ್ಚಿ ಹತ್ತಿದಳು,
ಹೆಬ್ಬೆರಳು ತೋರುಬೆರಳು ಚಾಚಿ ರೆಕ್ಕೆ ಅಳೆದಳು.
ಬಲ. ಎಡ. ಮತ್ತೆ ಎಡ.
"ಇಳಿ ಮಾರಾಯ್ತಿ, ಬಿದ್ದೀಯ" ಎಂದ ಮನ್ಸಿಯಾ.
ನಾನು ಎದ್ದು ಕುರ್ಚಿ ಹಿಡಿದುಕೊಂಡೆ.