ಬಾಣದ ತುದಿ ಯಾವ ಕಡೆ

ಡೊಕ್ಕುಮ್ಮಿನ ಪುರಭವನದ ಮಹಡಿಯಲ್ಲಿ
ನಾಲ್ಕು ಇಲಾಖೆ, ಹದಿನೇಳು ಕುರ್ಚಿ, ಒಂದೇ ಗೋಡೆ.
ಕಾಲುವೆಯ ನೀರು ಜಲಮಂಡಳಿಯದು,
ನೀರ ಮೇಲಿನ ಸೇತುವೆ ಪ್ರಾಂತ್ಯದ್ದು,
ಸೇತುವೆ ಮೇಲಿನ ಡಾಂಬರು ನಗರಸಭೆಯದು,
ಡಾಂಬರಿನಿಂದ ಏನಾದರೂ ಉರುಳಿಬಿದ್ದರೆ
ಅದು ರಕ್ಷಣಾದಳದ್ದು.
ಬೀಳುವವರೆಗೆ ಯಾರದು, ಎಂದು ಕೇಳಿದೆ.
ಕಾಫಿ ಬಂತು.

ನನ್ನ ಕೆಲಸ ಚಿತ್ರ ಬರೆಯುವುದು.
ಹಳದಿ ಚೌಕ: ಯಾರು ಏನು ಮಾಡುತ್ತಾರೆ.
ನೀಲಿ: ಯಾವ ತಂತ್ರಾಂಶ ಅದಕ್ಕೆ ಕೈಗೂಡಿಸುತ್ತದೆ.
ಹಸಿರು: ಆ ತಂತ್ರಾಂಶ ಯಾವ ಯಂತ್ರದೊಳಗೆ ಮಲಗಿದೆ.
ಚೌಕ ಚೌಕದ ನಡುವೆ ಗೆರೆ, ಗೆರೆಯ ತುದಿಗೆ ಬಾಣ.

‘ಮಟ್ಟ’ ಎಂಬ ಒಂದೇ ಮಾತಿಗೆ ಎರಡು ದಿನ ಹೋಯಿತು.
ಜಲಮಂಡಳಿಗೆ ಮಟ್ಟವೆಂದರೆ
ಆಮ್‌ಸ್ಟರ್‌ಡ್ಯಾಮಿನ ಸೊನ್ನೆಯಿಂದ ನೀರು ಎಷ್ಟು ಕೆಳಗಿದೆ;
ಪ್ರಾಂತ್ಯಕ್ಕೆ, ಸೇತುವೆಯ ಹೊಟ್ಟೆಗೂ ನೀರಿಗೂ ನಡುವೆ
ಎಷ್ಟು ಗಾಳಿ ಉಳಿದಿದೆ.
ಎತ್ತು ಏರಿಗೆ, ಕೋಣ ನೀರಿಗೆ.
ಆ ಗಾದೆ ಕಟ್ಟಿದವರು
ಇಂಥದೇ ಸಭೆಯಿಂದ ಎದ್ದು ಬಂದಿರಬೇಕು.

ನಾವು ಸೇರಿದ್ದಕ್ಕೆ ಕಾರಣ ಒಂದು ದೋಣಿ.
ನವೆಂಬರಿನ ಬೆಳಗು, ಒಡಲ ತುಂಬ ಸಕ್ಕರೆಗೆಡ್ಡೆ;
ಚುಕ್ಕಾಣಿಕೋಣೆಯ ಮಾಡನ್ನು ಸೇತುವೆಯಡಿ ಬಿಟ್ಟು
ಮುಂದಕ್ಕೆ ಹೋಯಿತು.
ನಾವಿಕ ಡುರ್ಕ್‌ನಿಗೆ ತರಚಿದ್ದೂ ಇಲ್ಲ,
ಕಚ್ಚಿದ ಬ್ರೆಡ್ಡು ಕೈಯಲ್ಲೇ ಇತ್ತಂತೆ.
ತನಿಖೆ ಹೇಳಿತು: ಎಲ್ಲರ ತೆರೆಯಲ್ಲೂ ಅಂಕಿ ಸರಿಯಿತ್ತು.
ಅವರವರ ತೆರೆ, ಅವರವರ ಅಂಕಿ.

ಹಳೇ ನಕ್ಷೆಯಲ್ಲಿ ಜಲಮಂಡಳಿಯಿಂದ ಪ್ರಾಂತ್ಯಕ್ಕೆ
ಒಂದು ಬಾಣ. ಪಕ್ಕದಲ್ಲಿ ‘ಸ್ವಯಂಚಾಲಿತ’ ಎಂಬ ಪದ.
ಅದರ ಬೆನ್ನು ಹತ್ತಿ ಹೋದೆ.
ಹೋಗಿ ನಿಂತದ್ದು ಲೇವಾರ್ಡನ್ನಿನ ಕಚೇರಿಯೊಂದರಲ್ಲಿ,
ನಕಲುಯಂತ್ರದ ಮಗ್ಗುಲಿಗೆ,
ಯೆಲ್ತ್ಯೆ ಎಂಬ ಅರವತ್ತಾರರ ಹೆಂಗಸಿನ ಮೇಜಿಗೆ.

ಹತ್ತೊಂಬತ್ತು ವರ್ಷ, ಬೆಳಗಿನ ಆರೂವರೆಗೆ
ಒಂದು ತೆರೆಯಿಂದ ಅಂಕಿ ಓದಿ,
ಬಾಯಲ್ಲೇ ಲೆಕ್ಕ ಕಳೆದು,
ಇನ್ನೊಂದು ತೆರೆಗೆ ಒತ್ತಿದವಳು.
ಆ ನವೆಂಬರಿನಲ್ಲಿ ಮಂಡಿಯ ಶಸ್ತ್ರಚಿಕಿತ್ಸೆ,
ಹನ್ನೊಂದು ದಿನ ರಜೆ.
ಬಾಣಕ್ಕೆ ಮಂಡಿ ಇರುತ್ತದೆಂದು
ಯಾವ ಕೈಪಿಡಿಯಲ್ಲೂ ಇಲ್ಲ.

ಕೀಲಿಮಣೆಯ ಅಂಚಿಗೆ ಒಂದು ಚೀಟಿ:
“ಪಡುವಣ ಗಾಳಿ ಜೋರಿದ್ದರೆ
ಹದಿನಾಲ್ಕನೆಯ ಅಳತೆಗೋಲಿಗೆ ಮೂರು ಕೂಡಿಸು.”
ಯಾಕೆ?
“ಅಲ್ಲಿ ಜೊಂಡು ಬೆಳೆದಿದೆ, ನೀರು ಹಿಂದೆ ನಿಲ್ಲುತ್ತೆ.
ಹಂಸ ಗೂಡು ಕಟ್ಟಿದ ವರ್ಷ ಜೊಂಡು ಕೊಯ್ಯಲ್ಲ. ಆಗ ನಾಲ್ಕು.”
ಯಾರು ಹೇಳಿದ್ದು?
“ಸೇತುವೆಯ ವೀಬ್ರೆನ್. ಅವನಿಗೆ ಹೇಳೋದು ಅವನ ಹೆಂಡತಿ,
ನಾಯಿ ಕರೆದುಕೊಂಡು ಅತ್ತ ಹೋಗ್ತಾಳಲ್ಲ.”

ನಾಯಿಗೆ ಯಾವ ಬಣ್ಣದ ಚೌಕ?

ಮಡಚಿ ತಂದ ಹಾಳೆ ಬಿಡಿಸಿ ಹಾಸಿದೆ,
ಅವಳ ಚಹಾ ಬಟ್ಟಲು ಎತ್ತಿ ಕಿಟಕಿಗಿಡಬೇಕಾಯಿತು.
“ನಾನೆಲ್ಲಿ?” ಎಂದಳು.
ತೋರಿಸಿದೆ. ಎರಡು ನೀಲಿ ಚೌಕದ ನಡುವೆ
ಬೆರಳಗಲದ ಗೆರೆ.
ನೊಂದುಕೊಳ್ಳುತ್ತಾಳೆಂದು ಮಾತು ಹುಡುಕುತ್ತಿದ್ದೆ:
ಹಳದಿ ಬಳಿಯುತ್ತೇನೆ, ಹೆಸರು ಹಾಕುತ್ತೇನೆ,
ಪಾತ್ರ ಅಂತಲೋ ಹೊಣೆ ಅಂತಲೋ…

ಅವಳು ಕನ್ನಡಕ ಹಣೆಗೇರಿಸಿ ಬಗ್ಗಿದಳು.
ಪೆನ್ಸಿಲು ಕೇಳಿದಳು.
“ತುದಿ ತಪ್ಪು ಕಡೆ ಇದೆ.
ಮೊದಲು ವೀಬ್ರೆನ್ ಫೋನು ಮಾಡಿ ಗಾಳಿ ಹೇಳ್ತಾನೆ.
ಆಮೇಲೆ ನಾನು ಅಂಕಿ ಹಾಕೋದು.
ಅವನು ಮಾಡದಿದ್ದ ದಿನ ನಾನೇ ಮಾಡಿ ಬೈತೀನಿ.”
ಇನ್ನೊಂದು ತುದಿಗೂ ಬಾಣ ಬರೆದಳು,
ಎಷ್ಟು ಒತ್ತಿ ಎಂದರೆ ಹಾಳೆ ತೂತಾಯಿತು.

ಹಾಗೇ ಗೋಡೆಗೆ ಅಂಟಿಸಿದ್ದೇನೆ,
ತೂತಿನಲ್ಲಿ ಪುರಭವನದ ಸುಣ್ಣ ಕಾಣುತ್ತದೆ.
ರಕ್ಷಣಾದಳದವನೊಬ್ಬ ಬಂದು ಬೆರಳು ಹಾಕಿ ನೋಡಿದ.
ಏಪ್ರಿಲ್ ಕೊನೆಗೆ ಅವಳ ನಿವೃತ್ತಿ.
ಈ ಸಲ ಹಂಸ ಗೂಡು ಕಟ್ಟಿದೆಯಂತೆ.
ನಾಲ್ಕು.