ಸೈನೈಡ್ ಗುಡ್ಡದ ರಾತ್ರಿಪಾಳಿ

ಆರು ಜನ ಬಂದವ್ರೆ. ಮಂಗಳಕ್ಕೆ ಹೋಗೋಕೆ ಮುಂಚೆ
ಕೆಜಿಎಫ್‌ನಾಗೆ ಹದಿನಾಲ್ಕು ದಿನ ಇದ್ದು ನೋಡ್ತಾರಂತೆ.
ಸೈನೈಡ್ ಗುಡ್ಡದ ನೆತ್ತಿ ಮೇಲೆ, ಹುಲ್ಲೂ ಹುಟ್ಟದ ಕಡೆ
ಬಿಳೀ ಗುಡಾರ, ಬೋರಲು ಹಾಕಿದ ಬೋಸಿ ಹಂಗೆ.
ಬಾಗಿಲು ಹಾಕ್ಕೊಂಡರೆ ಮುಗೀತು, ಹೊರಗೆ ಉಸಿರಿಲ್ಲ
ಅಂತ ಅವರ ಆಟ.
ಹೊರಗೆ ನಾನಿದೀನಿ. ಉಸಿರಾಡ್ತಾ. ಬೀಡಿ ಸೇದ್ತಾ.
ದಿನಕ್ಕೆ ಐನೂರು, ರಾತ್ರಿ ಕಾವಲು.

"ಅಲ್ಲೂ ಹೀಗೇ ಇರುತ್ತೆ ತಾತ" ಅಂತ ಶಾಲ್ಮಲಿ ಮೇಡಮ್ಮು
ಒಂದು ಹಿಡಿ ಧೂಳು ಅಂಗೈಲಿ ಉಜ್ಜಿ ತೋರಿಸಿದ್ರು.
ಕೈ ತೊಳ್ಕೊಳ್ಳವ್ವ ಅಂದೆ.
ನಮ್ಮೂರಿನ ಅರ್ಧ ಎದೆಗೂಡುಗಳಾಗೆ
ಈ ಧೂಳು ಆಗಲೇ ಮನೆ ಮಾಡೈತೆ.

ಗಾಳಿ ಇಲ್ಲದ ಊರು ನನಗೆ ಗೊತ್ತು.
ಮೇಲಕ್ಕಲ್ಲ, ಕೆಳಕ್ಕೆ, ಎರಡು ಮೈಲಿ.
ಬಂಡೆ ಮುಟ್ಟಿದರೆ ಕೈ ಚುರ್ ಅನ್ನೋ ಆಳಕ್ಕೆ
ಗಾಳೀನ ತಣ್ಣಗೆ ಮಾಡಿ ಇಳಿಸಬೇಕು,
ಮಗೂಗೆ ಹಾಲು ಆರಿಸಿ ಕುಡಿಸಿದ ಹಂಗೆ.
ಇಪ್ಪತ್ತಾರು ವರ್ಷ ಫ್ಯಾನಿನ ಪಕ್ಕ ಕೂತಿದ್ದೆ.
ಅದು ಗೊರಕೆ ಹೊಡೀತಿದ್ದರೆ ನನಗೆ ನಿದ್ದೆ.
ನಿಂತರೆ ಎಚ್ಚರ.

ನಕ್ಷೆ ತೋರಿಸಿದ್ರು: ಇಲ್ಲಿ ಹಾಸಿಗೆ, ಇಲ್ಲಿ ಸೊಪ್ಪು ಬೆಳೆಯೋ ತಟ್ಟೆ,
ಉಚ್ಚೆ ಇಲ್ಲಿ ಸೋಸಿ ಮತ್ತೆ ನೀರಾಗುತ್ತೆ.
ಸೋಸೋ ಜರಡಿ ಯಾರು ತೊಳೀತಾರೆ?
ಸರದಿ ಪ್ರಕಾರ ಎಲ್ಲರೂ, ಅಂದ್ರು.
ಆರು ಜನ ಇರೋಗಂಟ ಸರಿ. ಆರು ಸಾವಿರ ಆದಾಗ?
ನಮ್ಮ ಲೈನಿಗೆ ನಸುಕಿನಾಗೆ ಬಕೆಟ್ಟು ಹೊತ್ತು ಬರ್ತಿದ್ದ
ಓಬುಲಮ್ಮ ನೆನಪಾದಳು.
ಕಂಪನಿ ನಕ್ಷೇನಾಗೆ ಅವಳ ದಾರಿ ಎಲ್ಲೂ ಗೀಚಿರಲಿಲ್ಲ.

ಸತ್ತೋರನ್ನ ಎಲ್ಲಿಡ್ತೀರಿ ಅಂತ
ಕೇಳಬೇಕಿತ್ತು, ಕೇಳಲಿಲ್ಲ.
ಬಂಡೆ ಸಿಡಿದು ಮರಿಯದಾಸ ಒಳಗೇ ಉಳಿದಾಗ
ಲ್ಯಾಂಪ್ ರೂಮಿನ ಹಲಗೇಲಿ ಒಂದು ಮೊಳೆ ಖಾಲಿ.
ಮೂರನೇ ದಿನ ಅವನ ಹೆಂಡ್ತಿ ಬಂದು
ಆ ಮೊಳೆ ಮುಟ್ಟಿ ಹೋದಳು.

ಆಮೇಲೊಂದು ದಿನ ಲೆಕ್ಕ ಹಾಕಿ, ಚಿನ್ನ ಸಾಲ್ದು ಅಂದ್ರು.
ಫ್ಯಾನು ನಿಂತಿತು. ಪಂಪು ನಿಂತಿತು.
ನಾವು ಕೊರೆದ ಅಷ್ಟೂ ಬೀದಿಗಳಾಗೆ
ನೀರು ಬಾಡಿಗೆ ಕೊಡದೆ ಸಂಸಾರ ಹೂಡ್ತು.
ನಮಗೆ ಮಾರಿಕುಪ್ಪಂ ಸ್ಟೇಷನ್ನಿತ್ತು, ಬೆಳಗಿನ ರೈಲಿತ್ತು,
ಜೋತುಬಿದ್ದು ಬದುಕಿದ್ವಿ.
ಅಲ್ಲಿ ಕಂಪನಿ ಮುಚ್ಚಿದ್ರೆ
ಯಾವ ಸ್ಟೇಷನ್ನು ಮೇಡಮ್ಮು?

ಒಂಬತ್ತನೇ ರಾತ್ರಿ ಗಾಳಿಗೆ ಗುಡ್ಡವೇ ಎದ್ದು ನಡೀತು.
ತೂಕಡಿಸ್ತಿದ್ದೋನಿಗೆ ಎಚ್ಚರಾಯ್ತು. ಸದ್ದಿಗಲ್ಲ,
ಸದ್ದು ಇಲ್ಲದ್ದಕ್ಕೆ.
ಗುಡಾರದ ಹಿಂದಿನ ಫ್ಯಾನು ಧೂಳು ಕಚ್ಕೊಂಡು ನಿಂತಿತ್ತು.
ಒಳಗೆ ಕೆಂಪು ದೀಪ ಇನ್ನೂ ಹತ್ತಿರಲಿಲ್ಲ,
ಆರೂ ಜನ ನಿದ್ದೆ,
ತಮ್ಮ ತಮ್ಮ ಉಸಿರನ್ನೇ ಹೊದ್ಕೊಂಡು.
ಏನೂ ಮುಟ್ಟಲ್ಲ ಅಂತ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದೆ.
ಅದೇ ಹೆಬ್ಬೆಟ್ಟಿಗೆ ಒದ್ದೆ ಟವಲ್ಲು ಸುತ್ತಿ
ಜಾಲರಿ ಒರೆಸಿ, ರೆಕ್ಕೆ ಒಂದು ಸುತ್ತು ತಿರುವಿದೆ.
ಕೆಮ್ಮಿತು.
ಆಮೇಲೆ ಗೊರಕೆ.

ಹೊರಗೆ ಬಂದ ದಿನ ಚಪ್ಪಾಳೆ, ಫೋಟೋ.
ವರದಿ ಅವರೇ ಓದಿ ಹೇಳಿದ್ರು:
ಹೊರಗಿನ ಸಹಾಯ, ಇಲ್ಲ.
ಸುಮ್ಮನಿದ್ದೆ. ಎಳೇ ಮಕ್ಕಳು, ಖುಷಿಯಾಗಿದ್ರು.

ಗುಡಾರ ಮಡಚೋವಾಗ ಬಾಗಿಲ ಗೂಟದಾಗೆ ಕಂಡಿತು
ಮೊದಲ ರಾತ್ರಿ ನಾನೇ ನೇತುಹಾಕಿದ್ದ ಹಿತ್ತಾಳೆ ಬಿಲ್ಲೆ,
ನಾಲ್ಕು ಸಾವಿರದ ನಾನೂರ ಹದಿನೇಳು.
ಕೆಳಗಿಳಿದೋರ ಲೆಕ್ಕ ಮೇಲೊಬ್ಬ ಇಟ್ಟಿರಬೇಕು.
ಮೇಲೇರಿದೋರದು, ಕೆಳಗೆ.

"ಏನು ತಾತ ಇದು?"
ಹಳೇದು, ಅಂದೆ.
ಇಸ್ಕೊಂಡು ತಿರುಗಿಸಿ ನೋಡಿದ್ರು ಶಾಲ್ಮಲಿ ಮೇಡಮ್ಮು,
ಯಾರೋ ಕರೆದ್ರು, ವಾಪಸ್ ಕೊಡೋದು ಮರೆತು ಲಾರಿ ಹತ್ತಿದ್ರು.
ನಾನೂ ಕೇಳಲಿಲ್ಲ.